ಹಳೆಯ ಡೀಸೆಲ್ ಗಾಡಿಗೆ ಆಯಿಲ್ ಫಿಲ್ಟರ್: ಏನು ನೋಡಿ ಕೊಳ್ಳಬೇಕು?

ಕೊಪ್ಪದ ಕ್ವಾಲಿಸ್

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2003ರ ಕ್ವಾಲಿಸ್ ಇದೆ. ತಂದೆಯವರು ಹೊಸದಾಗಿ ಕೊಂಡದ್ದು. ಈಗ ಮೀಟರಿನಲ್ಲಿ 2,41,000 ಕಿ.ಮೀ. ತೋರಿಸುತ್ತಿದೆ. 15 ವರ್ಷ ತುಂಬಿದ ಮೇಲೆ ಎರಡು ಬಾರಿ ಎಫ್.ಸಿ. ಮಾಡಿಸಿ, ಹಸಿರು ತೆರಿಗೆ ಕಟ್ಟಿ ನೋಂದಣಿ ನವೀಕರಿಸಿದ್ದೇವೆ. ಈ ಗಾಡಿಯನ್ನು ಮಾರುವ ಯೋಚನೆ ಮನೆಯಲ್ಲಿ ಯಾರಿಗೂ ಇಲ್ಲ.

ಕಳೆದ ತಿಂಗಳು ಆಯಿಲ್ ಬದಲಾಯಿಸುವಾಗ ಯಾವಾಗಲೂ ಹಾಕುತ್ತಿದ್ದ ಫಿಲ್ಟರ್ ಸಿಗಲಿಲ್ಲ. ಅಂಗಡಿಯವರು ‘ಇದೂ ಅದೇ ಅಳತೆ, ಕ್ವಾಲಿಸ್‌ಗೆ ಎಲ್ಲರೂ ಇದನ್ನೇ ಒಯ್ಯುತ್ತಾರೆ’ ಎಂದು ಬೇರೊಂದನ್ನು ಕೊಟ್ಟರು. ಅದನ್ನು ಹಾಕಿದ ಮಾರನೆಯ ಬೆಳಗಿನಿಂದ ಒಂದು ಬದಲಾವಣೆ ಕಾಣುತ್ತಿದೆ. ಮೊದಲು ಎಂಜಿನ್ ಹತ್ತಿದ ಒಂದೆರಡು ಸೆಕೆಂಡಿನೊಳಗೆ ಆರುತ್ತಿದ್ದ ಆಯಿಲ್ ದೀಪ ಈಗ ಐದು ಸೆಕೆಂಡಾದರೂ ಉರಿಯುತ್ತದೆ. ಅಷ್ಟು ಹೊತ್ತೂ ಮೇಲ್ಭಾಗದಲ್ಲಿ ಕಟಕಟ ಸದ್ದು ಇರುತ್ತದೆ. ಮಧ್ಯಾಹ್ನ ನಿಲ್ಲಿಸಿ ಮತ್ತೆ ಹತ್ತಿಸಿದರೆ ಈ ತೊಂದರೆ ಇಲ್ಲ. ಮೆಕ್ಯಾನಿಕ್ ಮಾತ್ರ ‘ಗಾಡಿಗೆ ವಯಸ್ಸಾಯಿತು’ ಎನ್ನುತ್ತಾರೆ. ಒಂದೇ ರಾತ್ರಿಯಲ್ಲಿ ವಯಸ್ಸಾಗುವುದು ಹೇಗೆ ಎಂದು ನನಗೆ ಅರ್ಥವಾಗುತ್ತಿಲ್ಲ. ಇದು ಫಿಲ್ಟರಿನ ದೋಷ ಇರಬಹುದೇ? ಇಂಥ ಗಾಡಿಗೆ ಯಾವ ಕಂಪನಿಯ ಫಿಲ್ಟರ್ ಒಳ್ಳೆಯದು?

ಗ್ಯಾರೇಜ್ ಮೇಷ್ಟ್ರು

ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ವಿಭಾಗದಲ್ಲಿ ಪಾಠ ಮಾಡಿ ನಿವೃತ್ತನಾದವನು. ನಿಮ್ಮ ಅನುಮಾನಕ್ಕೆ ಆಧಾರವಿದೆ. ಬೇರಿಂಗ್ ಸವೆದ ಎಂಜಿನ್ ಬಿಸಿಯಾದಾಗ ಹೆಚ್ಚು ತೊಂದರೆ ಕೊಡುತ್ತದೆ, ಏಕೆಂದರೆ ಬಿಸಿ ಆಯಿಲ್ ತೆಳ್ಳಗಾಗಿ ಒತ್ತಡ ಇಳಿಯುತ್ತದೆ. ನಿಮ್ಮದು ರಾತ್ರಿಯಿಡೀ ನಿಂತಾಗ ಮಾತ್ರ ತೊಂದರೆ ಕೊಡುತ್ತಿದೆ, ಅದೂ ಫಿಲ್ಟರ್ ಬದಲಾದ ದಿನದಿಂದ. ಆದ್ದರಿಂದ ಮೊದಲು ಫಿಲ್ಟರಿನೊಳಗಿನ ರಬ್ಬರ್ ಕವಾಟವನ್ನು ಅನುಮಾನಿಸಬೇಕು.

ಡಬ್ಬಿಯಂಥ ಫಿಲ್ಟರಿನ ಬಾಯಿ ನೋಡಿ. ನಡುವೆ ಥ್ರೆಡ್ ಇರುವ ದೊಡ್ಡ ತೂತು, ಸುತ್ತ ಸಣ್ಣ ತೂತುಗಳು. ಪಂಪಿನಿಂದ ಆಯಿಲ್ ಸಣ್ಣ ತೂತುಗಳ ಮೂಲಕ ಒಳಹೊಕ್ಕು, ಕಾಗದದ ಮಡಿಕೆಗಳನ್ನು ಹೊರಗಿನಿಂದ ಒಳಕ್ಕೆ ದಾಟಿ, ನಡುವಿನ ತೂತಿನಿಂದ ಎಂಜಿನ್‌ಗೆ ಹೋಗುತ್ತದೆ. ಆ ಸಣ್ಣ ತೂತುಗಳ ಹಿಂದೆ ಸೂಜಿಯಿಂದ ಮೆಲ್ಲಗೆ ಒತ್ತಿದರೆ ರಬ್ಬರಿನ ಒಂದು ಪದರ ಸಿಗುತ್ತದೆ. ಎಂಜಿನ್ ನಿಂತಾಗ ಆ ಪದರ ತೂತುಗಳನ್ನು ಮುಚ್ಚಿ, ಫಿಲ್ಟರಿನಲ್ಲಿರುವ ಆಯಿಲ್ ಎಂಜಿನ್‌ನ ತಳದ ಚೇಂಬರಿಗೆ ವಾಪಸು ಇಳಿಯದಂತೆ ತಡೆಯಬೇಕು. ಅದು ಸರಿಯಾಗಿ ಮುಚ್ಚದಿದ್ದರೆ ಬೆಳಗ್ಗೆ ಪಂಪು ಮೊದಲು ಖಾಲಿಯಾದ ಜಾಗವನ್ನು ತುಂಬಬೇಕಾಗುತ್ತದೆ. ಅಲ್ಲಿಯವರೆಗೆ ಬೇರಿಂಗ್‌ಗಳಿಗೂ ಎಂಜಿನ್‌ನ ಮೇಲ್ಭಾಗಕ್ಕೂ ಹಿಂದಿನ ದಿನ ಅಂಟಿಕೊಂಡ ಆಯಿಲ್ ಪದರವೇ ಗತಿ. ಬಾಯಿ ಮೇಲಾಗಿ ತೂಗುವ ಫಿಲ್ಟರಿಗೆ ಈ ಕವಾಟದ ಅಗತ್ಯ ಕಡಿಮೆ. ಅಡ್ಡವಾಗಿ, ಓರೆಯಾಗಿ ಅಥವಾ ಬಾಯಿ ಕೆಳಗಾಗಿ ಕೂರುವ ಫಿಲ್ಟರಿಗೆ ಅದು ಪ್ರಾಣದಂತೆ.

ಈ ರಬ್ಬರಿನಲ್ಲಿ ಮುಖ್ಯವಾಗಿ ಎರಡು ಬಗೆ. ನೈಟ್ರೈಲ್ ಅಗ್ಗ; ಬಿಸಿ ಆಯಿಲ್‌ನಲ್ಲಿ ತಿಂಗಳುಗಟ್ಟಲೆ ಬೆಂದು ಗಟ್ಟಿಯಾಗುತ್ತದೆ. ಸಿಲಿಕೋನ್ ದುಬಾರಿ, ಆದರೆ ಬಿಸಿಯಲ್ಲೂ ಚಳಿಯಲ್ಲೂ ಮೆತ್ತಗೇ ಉಳಿಯುತ್ತದೆ. ಒಳ್ಳೆಯ ನೈಟ್ರೈಲ್ ಒಂದು ಅವಧಿಯ ಮಟ್ಟಿಗೆ ತೊಂದರೆ ಕೊಡುವುದಿಲ್ಲ. ಕೆಟ್ಟದು ಮೊದಲ ದಿನವೇ ಸರಿಯಾಗಿ ಕೂರುವುದಿಲ್ಲ.

ಯಾವ ಕಂಪನಿ ಎಂಬ ಪ್ರಶ್ನೆಗೆ ಆಮೇಲೆ ಬರೋಣ. ಸದ್ಯಕ್ಕೆ ಆ ಫಿಲ್ಟರನ್ನು ಬಿಚ್ಚಿಸಿ, ಎಸೆಯದೆ ಇಟ್ಟುಕೊಳ್ಳಿ.

ಜೆ.ಸಿ. ರಸ್ತೆ ಕೌಂಟರ್

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಗಳ ಅಂಗಡಿಯೊಂದರ ಕೌಂಟರಿನಲ್ಲಿ 18 ವರ್ಷಗಳಿಂದ ನಿಂತಿದ್ದೇನೆ. ಕೊಳ್ಳುವ ವಿಷಯಕ್ಕೆ ಮಾತ್ರ ಉತ್ತರಿಸುತ್ತೇನೆ.

‘ಕ್ವಾಲಿಸ್‌ಗೆ ಫಿಲ್ಟರ್ ಕೊಡಿ’ ಎಂದು ಕೇಳಬೇಡಿ. ಪಾರ್ಟ್ ನಂಬರ್ ಹೇಳಿ ಕೇಳಿ. ಗಾಡಿಯ ಕೈಪಿಡಿಯಲ್ಲಿ ಇಲ್ಲದಿದ್ದರೆ, ಎಂಜಿನ್ ನಂಬರ್ ಮತ್ತು ತಯಾರಿಕೆಯ ವರ್ಷ ಕೊಟ್ಟರೆ ಶೋರೂಮಿನ ಬಿಡಿಭಾಗ ವಿಭಾಗದವರು ಹುಡುಕಿ ಹೇಳುತ್ತಾರೆ. ಕ್ವಾಲಿಸ್ 2000ದಿಂದ 2005ರವರೆಗೆ ನಮ್ಮ ಬಿಡದಿಯಲ್ಲೇ ತಯಾರಾದ ಗಾಡಿ. ಅದರ ಮಾಮೂಲು ಸರ್ವಿಸ್ ಸಾಮಾನು ಕೇಳಿದರೆ ತರಿಸಿಕೊಡುವವರು ಈಗಲೂ ಇದ್ದಾರೆ. ಬಾಷ್, ಮಾನ್, ಮಾಹ್ಲೆ, ಪ್ಯೂರೊಲೇಟರ್ ಮುಂತಾದವರು ತಮ್ಮ ಕ್ಯಾಟಲಾಗಿನಲ್ಲಿ ಗಾಡಿ ಕಂಪನಿಯ ನಂಬರಿಗೆ ತಮ್ಮ ಯಾವ ನಂಬರ್ ಹೊಂದುತ್ತದೆ ಎಂದು ಮುದ್ರಿಸಿರುತ್ತಾರೆ. ಅಂಗಡಿಯವನ ನೆನಪಿಗಿಂತ ಆ ಪಟ್ಟಿಯನ್ನು ನಂಬಿ. ನನ್ನ ನೆನಪನ್ನೂ ನಂಬಬೇಡಿ. ನಾನೇ ದಿನವೂ ಕ್ಯಾಟಲಾಗ್ ತೆರೆಯುತ್ತೇನೆ.

ಪೆಟ್ಟಿಗೆ ಕೈಗೆ ಬಂದಾಗ ತಯಾರಕರ ಹೆಸರು, ವಿಳಾಸ, ತಯಾರಿಕೆಯ ತಿಂಗಳು ಮತ್ತು ವರ್ಷ, ಎಂಆರ್‌ಪಿ, ಗ್ರಾಹಕರ ದೂರವಾಣಿ ಸಂಖ್ಯೆ ಇವೆಲ್ಲ ಇವೆಯೇ ನೋಡಿ. ಇವುಗಳನ್ನು ಮುದ್ರಿಸಬೇಕೆಂದು ಕಾನೂನೇ ಹೇಳುತ್ತದೆ. ಪೆಟ್ಟಿಗೆಯ ಮೇಲಿನ ನಂಬರೂ ಡಬ್ಬಿಯ ಮೇಲಿನ ನಂಬರೂ ಒಂದೇ ಇರಬೇಕು. ಅಸಲಿ ಪೆಟ್ಟಿಗೆಯೊಳಗೆ ನಕಲಿ ಮಾಲು ತುಂಬಿ ಮಾರುವವರಿದ್ದಾರೆ. ಅದಕ್ಕಾಗಿಯೇ ಫಿಲ್ಟರ್ ಬದಲಾಯಿಸಿದ ಮೇಲೆ ಖಾಲಿ ಪೆಟ್ಟಿಗೆಯನ್ನು ಹಾಗೆಯೇ ಗ್ಯಾರೇಜಿನಲ್ಲಿ ಬಿಟ್ಟುಬರದೆ ಹರಿದು ಹಾಕಿ.

ಹಳೆಯ ಗಾಡಿಗಳ ಸಾಮಾನಿನಲ್ಲಿ ಇನ್ನೊಂದು ತೊಂದರೆ ಇದೆ. ಮಾಲು ನಿಧಾನವಾಗಿ ಖರ್ಚಾಗುವುದರಿಂದ ಕೆಲವು ಅಂಗಡಿಗಳ ಅಟ್ಟದಲ್ಲಿ ಏಳೆಂಟು ವರ್ಷದ ಫಿಲ್ಟರ್‌ಗಳು ಕುಳಿತಿರುತ್ತವೆ. ಅಸಲಿಯೇ ಆದರೂ ರಬ್ಬರ್ ವಾಷರ್ ಒಣಗಿ ಬಿರುಸಾಗಿರುತ್ತದೆ. ಉಗುರಿನಿಂದ ಒತ್ತಿದರೆ ತಗ್ಗಿ ಮತ್ತೆ ಮೇಲೇಳಬೇಕು. ಬಿರುಕಿನ ಗೆರೆ ಕಂಡರೆ ವಾಪಸು ಕೊಡಿ. ಬಿಲ್ ಇಲ್ಲದೆ ಕೊಳ್ಳಲೇಬೇಡಿ.

ತೋಟದ ಜೀಪು

ಕೌಂಟರಿನವರು ಹೇಳಿದ ಪಾರ್ಟ್ ನಂಬರಿನ ಮಾತಿಗೆ ನನ್ನ ಅನುಭವವನ್ನು ಸೇರಿಸಲೇಬೇಕು. ನಮ್ಮ ತೋಟದಲ್ಲಿ ಹಳೆಯ ಡೀಸೆಲ್ ಜೀಪು ಇದೆ. ಮೂರು ವರ್ಷದ ಹಿಂದೆ ಊರಿನ ಅಂಗಡಿಯೊಂದರಲ್ಲಿ ಕೊಟ್ಟ ಫಿಲ್ಟರನ್ನು ನಾನೇ ಕೂರಿಸಿದೆ. ತಿರುಗಿಸುವಾಗ ಸ್ವಲ್ಪ ಲೊಡಲೊಡ ಎನಿಸಿತು. ಆದರೆ ವಾಷರ್ ತಾಗಿದ ಮೇಲೆ ಬಿಗಿಯಾಯಿತು, ಸೋರಲಿಲ್ಲ. ಹನ್ನೊಂದು ದಿನ ಓಡಿತು. ಹನ್ನೆರಡನೆಯ ದಿನ ಮೂಟೆ ಹೇರಿಕೊಂಡು ಏರು ಹತ್ತುವಾಗ ಆಯಿಲ್ ದೀಪ ಒಮ್ಮೆಲೇ ಹೊತ್ತಿತು. ತಕ್ಷಣ ಎಂಜಿನ್ ನಿಲ್ಲಿಸಿ ಇಳಿದು ನೋಡಿದರೆ ಹಿಂದಿನ ತಿರುವಿನಿಂದ ಜೀಪಿನ ಕೆಳಗಿನವರೆಗೆ ರಸ್ತೆಯ ಮೇಲೆ ಕಪ್ಪು ಪಟ್ಟೆ. ಫಿಲ್ಟರ್ ಒಂದು ಕಡೆಗೆ ವಾಲಿ ನೇತಾಡುತ್ತಿತ್ತು. ಕೈಯಿಂದ ಎಳೆದರೆ, ತಿರುಗಿಸದೆಯೇ ಕಳಚಿ ಬಂತು. ಒಳಗಿನ ಥ್ರೆಡ್‌ಗಳಲ್ಲಿ ಬಾಯಿ ಹತ್ತಿರದ ಎರಡು ಮೂರು ಸುತ್ತು ಮಾತ್ರ ಸವೆದು ಹೊಳೆಯುತ್ತಿದ್ದವು, ಉಳಿದವು ಹೊಸದರಂತೆಯೇ ಇದ್ದವು. ಆ ದಿನ ದೀಪ ನೋಡದೆ ಇನ್ನರ್ಧ ಕಿಲೋಮೀಟರ್ ಓಡಿಸಿದ್ದರೆ ಎಂಜಿನ್ ಉಳಿಯುತ್ತಿರಲಿಲ್ಲ. ಕಾರಣ ಏನೆಂದು ಇಂದಿಗೂ ಯಾರೂ ನನಗೆ ಸರಿಯಾಗಿ ಹೇಳಿಲ್ಲ.

ಗ್ಯಾರೇಜ್ ಮೇಷ್ಟ್ರು

ತೋಟದವರೇ, ನಿಮ್ಮ ಜೀಪಿನಲ್ಲಿ ಫಿಲ್ಟರ್ ತಿರುಗಿಸಿ ಕೂರಿಸುವ ಕೊಳವೆ ಮುಕ್ಕಾಲು ಇಂಚಿನ ಥ್ರೆಡ್‌ನದು, ಫಿಲ್ಟರ್ 20 ಮಿ.ಮೀ. ಥ್ರೆಡ್‌ನದು ಆಗಿದ್ದಿರಬೇಕು. ಮುಕ್ಕಾಲು ಇಂಚು ಎಂದರೆ 19.05 ಮಿ.ಮೀ.; ಇಂಚಿಗೆ 16 ಸುತ್ತು, ಅಂದರೆ ಒಂದು ಸುತ್ತಿಗೆ ಸುಮಾರು 1.59 ಮಿ.ಮೀ. ಇನ್ನೊಂದರಲ್ಲಿ ಒಂದು ಸುತ್ತಿಗೆ 1.5 ಮಿ.ಮೀ. ಈ ಎರಡರ ಅಂತರ ಕಣ್ಣಿಗೆ ಕಾಣುವುದಿಲ್ಲ. ದೊಡ್ಡ ಬಾಯಿಯ ಫಿಲ್ಟರ್ ಸಣ್ಣ ಕೊಳವೆಯ ಮೇಲೆ ಸಲೀಸಾಗಿ ಏರುತ್ತದೆ, ಬಿಗಿಯಾದಂತೆಯೂ ಅನಿಸುತ್ತದೆ, ಆದರೆ ತುದಿಗಳಷ್ಟೇ ಕಚ್ಚಿಕೊಂಡಿರುತ್ತವೆ. ಲೋಡಿನಲ್ಲಿ ಒತ್ತಡ ಏರಿದ ದಿನ ಅದು ಕೈಬಿಡುತ್ತದೆ. ಹೊರಗಿನ ಅಳತೆ, ವಾಷರಿನ ಅಳತೆ ಎಲ್ಲವೂ ಹೊಂದಿದರೂ ಹೀಗಾಗಬಹುದು.

ಆದ್ದರಿಂದ ಹೊಸ ಫಿಲ್ಟರ್ ಹಾಕುವಾಗ ಮೊದಲು ವಾಷರಿಗೆ ಆಯಿಲ್ ಸವರದೆ ಒಮ್ಮೆ ಬರಿಗೈಯಲ್ಲಿ ಅರ್ಧದವರೆಗೆ ತಿರುಗಿಸಿ, ಅಲ್ಲಿ ನಿಲ್ಲಿಸಿ ಅಲುಗಾಡಿಸಿ ನೋಡಿ. ಸ್ವಲ್ಪ ಆಟ ಇರುವುದು ಸಹಜ. ಹಳೆಯ ಫಿಲ್ಟರಿಗಿಂತ ಹೆಚ್ಚು ಆಟ ಕಂಡರೆ, ಅಥವಾ ನೇರವಾಗಿ ಎಳೆದಾಗ ಥ್ರೆಡ್ ಜಾರಿದಂತೆ ಅನಿಸಿದರೆ ಹಾಕಬೇಡಿ.

ದಾವಣಗೆರೆ ಸ್ವಿಫ್ಟ್

ನನ್ನದು 2008ರ ಸ್ವಿಫ್ಟ್ ಡೀಸೆಲ್, ಫಿಯೆಟ್ ಮೂಲದ 1.3 ಲೀಟರ್ ಎಂಜಿನ್. ಇದರಲ್ಲಿ ಡಬ್ಬಿ ಇಲ್ಲ, ಕಾಗದದ ಎಲಿಮೆಂಟ್ ಮಾತ್ರ. ಹಾಗಾದರೆ ಮೇಲಿನ ಕವಾಟದ, ಥ್ರೆಡ್ಡಿನ ಚಿಂತೆ ನನಗಿಲ್ಲ ಎಂದುಕೊಳ್ಳಬಹುದೇ? ನಾನು ಪ್ರತಿಸಲ ‘ಎಷ್ಟು ಮೈಕ್ರಾನ್’ ಎಂದು ಕೇಳಿ, ಕಡಿಮೆ ಮೈಕ್ರಾನಿನದನ್ನೇ ಕೊಳ್ಳುತ್ತೇನೆ. ಆದರೂ ಆಯಿಲ್ ಎರಡೇ ದಿನಕ್ಕೆ ಮಸಿಯಂತೆ ಕಪ್ಪಾಗುತ್ತದೆ. ಫಿಲ್ಟರ್ ಕೆಲಸ ಮಾಡುತ್ತಿಲ್ಲ ಎಂದರ್ಥವೇ?

ಪರೀಕ್ಷಾಲಯದ ಓದುಗಿ

ಈ ಪ್ರಶ್ನೆಗೆ ನಾನು ಉತ್ತರಿಸಬಹುದು. ಫಿಲ್ಟರ್‌ಗಳ ಪರೀಕ್ಷೆಯೇ ನನ್ನ ದಿನದ ಕೆಲಸ.

ಆಯಿಲ್ ಕಪ್ಪಾಗುವುದು ಮಸಿಯಿಂದ. ಡೀಸೆಲ್ ಉರಿದಾಗ ಹುಟ್ಟುವ ಮಸಿಯ ಮೂಲ ಕಣ ಮೈಕ್ರಾನಿನ ಹತ್ತನೆಯ ಒಂದು ಭಾಗಕ್ಕಿಂತಲೂ ಸಣ್ಣದು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ. ಕಾರಿನ ಫಿಲ್ಟರ್ ಚೆನ್ನಾಗಿ ಹಿಡಿಯುವುದು 20ರಿಂದ 40 ಮೈಕ್ರಾನಿನ ಧೂಳು, ಲೋಹದ ಪುಡಿ, ಗಟ್ಟಿಯಾದ ಇಂಗಾಲದ ಚೂರುಗಳನ್ನು. ಮಸಿ ಅದನ್ನು ದಾಟಿ ಹೋಗಬೇಕಾದದ್ದೇ. ಅದು ಒಂದಕ್ಕೊಂದು ಅಂಟಿ ಗಂಟಾಗದಂತೆ ಚದುರಿಸಿಟ್ಟುಕೊಳ್ಳುವುದು ಆಯಿಲ್‌ನಲ್ಲಿರುವ ರಾಸಾಯನಿಕಗಳ ಕೆಲಸ. ಅಂದರೆ ಎರಡು ದಿನಕ್ಕೆ ಕಪ್ಪಾದ ಆಯಿಲ್ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಮಸಿಯನ್ನು ಗಾಡಿಯಿಂದ ಹೊರಹಾಕಲು ಆಯಿಲ್ ಬದಲಾವಣೆ ಬಿಟ್ಟರೆ ಬೇರೆ ದಾರಿಯಿಲ್ಲ. ದುಬಾರಿ ಫಿಲ್ಟರ್ ಹಾಕಿ ಆಯಿಲ್‌ನ ಅವಧಿ ಹಿಗ್ಗಿಸಬಹುದು ಎಂದು ನಂಬಿದವರಿಗೆ ನಾನು ಪದೇಪದೇ ಹೇಳುವ ಮಾತು ಇದು.

ಇನ್ನು ಮೈಕ್ರಾನ್. ಬರಿಯ ‘20 ಮೈಕ್ರಾನ್’ ಎಂಬ ಮಾತಿಗೆ ಅರ್ಥವಿಲ್ಲ. ಆ ಗಾತ್ರದ ನೂರು ಕಣಗಳಲ್ಲಿ ಎಷ್ಟನ್ನು ಹಿಡಿಯುತ್ತದೆ ಎಂಬುದು ಜೊತೆಗೇ ಬರಬೇಕು. ಐಎಸ್ಒ 4548-12 ಎಂಬ ಪರೀಕ್ಷೆಯಲ್ಲಿ ನಿಗದಿತ ಧೂಳು ಬೆರೆಸಿದ ಆಯಿಲ್ ಅನ್ನು ಫಿಲ್ಟರಿನ ಮೂಲಕ ಮತ್ತೆ ಮತ್ತೆ ಹರಿಸಿ, ಒಳಹೋಗುವ ಮತ್ತು ಹೊರಬರುವ ಕಣಗಳನ್ನು ಎಣಿಸುತ್ತಾರೆ. ಒಳಹೋದ 20ಕ್ಕೆ ಒಂದು ಹೊರಬಂದರೆ 95 ಶೇಕಡಾ ಹಿಡಿದಂತೆ, ಎರಡಕ್ಕೆ ಒಂದು ಹೊರಬಂದರೆ 50 ಶೇಕಡಾ. ಎರಡು ತಯಾರಕರೂ ತಮ್ಮ ಪೆಟ್ಟಿಗೆಯ ಮೇಲೆ ‘20 ಮೈಕ್ರಾನ್’ ಎಂದೇ ಬರೆಯಬಹುದು. ತಯಾರಕರ ತಾಂತ್ರಿಕ ಹಾಳೆಯಲ್ಲಿ ಶೇಕಡಾವಾರು ಮತ್ತು ಪರೀಕ್ಷೆಯ ಹೆಸರು ಎರಡೂ ಇದ್ದರೆ ಮಾತ್ರ ಹೋಲಿಸಿ.

ತೀರಾ ಸಣ್ಣದನ್ನೂ ಹಿಡಿಯುವ ಕಾಗದ ಬೇಗ ಕಟ್ಟಿಕೊಳ್ಳಬಹುದು. ಕಟ್ಟಿಕೊಂಡಾಗ ಎಂಜಿನ್ ಆಯಿಲ್ ಇಲ್ಲದೆ ಸಾಯಬಾರದೆಂದು ಬೈಪಾಸ್ ಕವಾಟ ಇರುತ್ತದೆ. ಕಾಗದದ ಎರಡು ಬದಿಯ ಒತ್ತಡದ ಅಂತರ 1 ಬಾರ್ ಆಸುಪಾಸಿಗೆ ಬಂದಾಗ ಅದು ತೆರೆದು, ಸೋಸದ ಆಯಿಲ್ ಅನ್ನೇ ಎಂಜಿನ್‌ಗೆ ಬಿಡುತ್ತದೆ. ಎಷ್ಟು ಒತ್ತಡಕ್ಕೆ ತೆರೆಯಬೇಕೆಂಬುದು ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಅಗ್ಗದ ಫಿಲ್ಟರಿನಲ್ಲಿ ಈ ಸ್ಪ್ರಿಂಗ್ ಸಡಿಲವಾಗಿದ್ದರೆ ಅದು ಮೊದಲೇ ತೆರೆದುಕೊಳ್ಳುತ್ತದೆ. ಆಗ ಒಳಗೆ ಎಂಥ ಒಳ್ಳೆಯ ಕಾಗದ ಇದ್ದರೂ ಆಯಿಲ್ ಅದರ ಪಕ್ಕದಿಂದ ಹೋಗುತ್ತದೆ. ಕೊಪ್ಪದವರಿಗೆ ಇಲ್ಲೊಂದು ಮಾತು: ಮಲೆನಾಡಿನ ಚಳಿಗಾಲದ ಬೆಳಗಿನಲ್ಲಿ ಆಯಿಲ್ ಗಟ್ಟಿ ಇರುವುದರಿಂದ ಬೈಪಾಸ್ ತೆರೆಯುವುದು ಸಹಜ. ಹಳೆಯ ಗಾಡಿ ಎಂಬ ಕಾರಣಕ್ಕೆ ಕೈಪಿಡಿ ಹೇಳಿದ್ದಕ್ಕಿಂತ ಗಟ್ಟಿ ಆಯಿಲ್ ಹಾಕಿದರೆ ಅದು ಇನ್ನೂ ಹೆಚ್ಚು ಹೊತ್ತು ತೆರೆದಿರುತ್ತದೆ.

ಎಲಿಮೆಂಟ್ ಮಾತ್ರ ಇರುವ ಎಂಜಿನ್‌ನಲ್ಲಿ ಬೈಪಾಸ್ ಸಾಮಾನ್ಯವಾಗಿ ಹೊರಕವಚದಲ್ಲೋ ಮುಚ್ಚಳದಲ್ಲೋ ಇರುತ್ತದೆ. ಅಲ್ಲಿ ಎಲಿಮೆಂಟಿನ ಎತ್ತರವೂ ಎರಡು ತುದಿಯ ಬಿಲ್ಲೆಗಳೂ ಕರಾರುವಾಕ್ಕಾಗಿರಬೇಕು. ಎರಡು ಮಿ.ಮೀ. ಗಿಡ್ಡವಾದರೆ ತುದಿಯ ಸಂದಿನಿಂದ ಆಯಿಲ್ ನುಸುಳುತ್ತದೆ. ಉದ್ದವಾದರೆ ಮುಚ್ಚಳ ಬಿಗಿ ಮಾಡುವಾಗ ಮಡಿಕೆಗಳು ಅಪ್ಪಚ್ಚಿಯಾಗುತ್ತವೆ.

ಗ್ಯಾರೇಜ್ ಮೇಷ್ಟ್ರು

ದಾವಣಗೆರೆಯವರೇ, ಓದುಗಿಯವರ ಮಾತಿಗೆ ಎರಡು ಸಾಲು ಸೇರಿಸುತ್ತೇನೆ. ನಿಮ್ಮ ಎಂಜಿನ್‌ನಲ್ಲಿ ಟೈಮಿಂಗ್ ಬೆಲ್ಟ್ ಇಲ್ಲ, ಚೈನ್ ಇದೆ; ಅದನ್ನು ಬಿಗಿಯಾಗಿಡುವ ಟೆನ್ಷನರ್ ಕೆಲಸ ಮಾಡುವುದು ಆಯಿಲ್ ಒತ್ತಡದಿಂದ. ಆಯಿಲ್ ತಡವಾಗಿ ಬದಲಾಯಿಸಿದ ಈ ಎಂಜಿನ್‌ಗಳಲ್ಲಿ ಚೈನ್ ಹಿಗ್ಗಿ ಸದ್ದು ಮಾಡುವುದನ್ನು ಕಂಡಿದ್ದೇನೆ. ಎಲಿಮೆಂಟಿನ ಜೊತೆ ಬರುವ ರಬ್ಬರಿನ ಓ-ರಿಂಗನ್ನು ಪ್ರತಿಸಲ ಹೊಸದೇ ಹಾಕಬೇಕು. ಪೆಟ್ಟಿಗೆಯಲ್ಲಿ ರಿಂಗ್ ಇಲ್ಲವೆಂದರೆ ಯಾರೋ ತೆಗೆದಿದ್ದಾರೆ ಅಥವಾ ಅದು ಅಸಲಿಯಲ್ಲ. ಬಿಚ್ಚಿದಾಗ ಹಳೆಯ ರಿಂಗ್ ಮುಚ್ಚಳದ ತೋಡಿನಿಂದ ಹೊರಬಂದಿದೆಯೇ ಎಂದು ಕೈಯಿಂದ ಮುಟ್ಟಿ ನೋಡಿ.

ಬಯಲುಸೀಮೆ ಬೊಲೆರೊ

ಫಿಲ್ಟರಿನ ಹೊರಗಡೆ ಅಂಟಿಸುವ ಅಯಸ್ಕಾಂತ ಮಾರುತ್ತಾರಲ್ಲ, ಅದರಿಂದ ಪ್ರಯೋಜನ ಇದೆಯೇ? ನಮ್ಮ ಗ್ಯಾರೇಜಿನವರು 300 ರೂಪಾಯಿ ಕೇಳುತ್ತಿದ್ದಾರೆ.

ಗ್ಯಾರೇಜ್ ಮೇಷ್ಟ್ರು

ಅದು ಕಬ್ಬಿಣದ ಪುಡಿಯನ್ನು ಮಾತ್ರ ಹಿಡಿಯುತ್ತದೆ. ಬೇರಿಂಗ್‌ನ ತಾಮ್ರ, ತವರ, ಅಲ್ಯುಮಿನಿಯಂ ಅದಕ್ಕೆ ಅಂಟುವುದಿಲ್ಲ. ರಸ್ತೆಯ ಧೂಳೂ ಅಂಟುವುದಿಲ್ಲ. ಆ ದುಡ್ಡಿಗೆ ಒಳ್ಳೆಯ ಏರ್ ಫಿಲ್ಟರ್ ಹಾಕಿಸಿ. ಬಯಲುಸೀಮೆಯ ಧೂಳು ಆಯಿಲ್‌ಗೆ ಸೇರುವುದು ಹೆಚ್ಚಾಗಿ ಆ ದಾರಿಯಿಂದಲೇ.

ಕೊಪ್ಪದ ಕ್ವಾಲಿಸ್

ಎಲ್ಲರ ಸಲಹೆಗೂ ಕೃತಜ್ಞತೆಗಳು. ಹತ್ತು ದಿನ ತಡವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಸರಿಯಾದ ಫಿಲ್ಟರ್ ಶಿವಮೊಗ್ಗದಿಂದ ಬರಬೇಕಾಯಿತು. ಶೋರೂಮಿಗೆ ಎಂಜಿನ್ ನಂಬರ್ ಕೊಟ್ಟು ಪಾರ್ಟ್ ನಂಬರ್ ಪಡೆದು, ತಯಾರಿಕೆಯ ತಿಂಗಳು ನೋಡಿ, ಬಿಲ್ ಸಮೇತ ಎರಡು ಕೊಂಡೆ. ಹೊಸದನ್ನು ಹಾಕಿ, ಸೋರಿದಷ್ಟು ಆಯಿಲ್ ಮೇಲೆ ಸುರಿದು ಅಳತೆ ಸರಿ ಮಾಡಿದೆವು. ಮಾರನೆಯ ಬೆಳಗ್ಗೆ ಮನೆಯವರನ್ನೆಲ್ಲ ಸುಮ್ಮನಿರಿಸಿ ಸೆಲ್ಫ್ ಹೊಡೆದೆ. ದೀಪ ಎರಡು ಸೆಕೆಂಡಿಗೆ ಆರಿತು. ಒಂದು ವಾರದಿಂದ ಹಾಗೆಯೇ ಇದೆ.

ಬಿಚ್ಚಿದ ಫಿಲ್ಟರನ್ನೂ, ಅದಕ್ಕೂ ಹಿಂದಿನ, ಗ್ಯಾರೇಜಿನ ಮೂಲೆಯಲ್ಲಿ ಅದೃಷ್ಟಕ್ಕೆ ಉಳಿದಿದ್ದ ಹಳೆಯ ಫಿಲ್ಟರನ್ನೂ ಕೊಯ್ದು ಅಕ್ಕಪಕ್ಕ ಇಟ್ಟು ನೋಡಿದೆವು. ಹಳೆಯದರಲ್ಲಿ 58 ಮಡಿಕೆಗಳು ಒಂದೇ ಅಂತರದಲ್ಲಿ ನಿಂತಿದ್ದವು. ಅಂಗಡಿಯವರು ಕೊಟ್ಟದ್ದರಲ್ಲಿ 37. ಅವೂ ಒಂದು ಕಡೆ ಗುಂಪಾಗಿ, ಇನ್ನೊಂದು ಕಡೆ ಬೆರಳು ತೂರುವಷ್ಟು ಖಾಲಿ. ರಬ್ಬರ್ ಕವಾಟದ ಒಂದು ಅಂಚು ಒಣಗಿದ ವೀಳ್ಯದೆಲೆಯಂತೆ ಮೇಲಕ್ಕೆ ಸುರುಳಿಯಾಗಿತ್ತು. ಬೆರಳಿನಿಂದ ಒತ್ತಿ ಬಿಟ್ಟರೂ ಕೆಳಗೆ ಕೂರಲಿಲ್ಲ. ನಮ್ಮ ಮೆಕ್ಯಾನಿಕ್ ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದು ನೋಡಿ, ಇನ್ನು ಮೇಲೆ ಡಬ್ಬಿಯ ಬಾಯೊಳಗೆ ಸೂಜಿ ಹಾಕಿ ನೋಡಿಯೇ ಕೂರಿಸುತ್ತೇನೆ ಎಂದರು.

ಎರಡು ಸಂದೇಹ ಉಳಿದಿವೆ. ಫಿಲ್ಟರ್ ಕೂರಿಸುವಾಗ ಎಷ್ಟು ಬಿಗಿ ಮಾಡಬೇಕು? ನಮ್ಮವರು ಚೈನ್ ಪಾನ (ಸ್ಪ್ಯಾನರ್) ಹಾಕಿ ಎಳೆಯುತ್ತಾರೆ. ಮತ್ತು ವರ್ಷಕ್ಕೆ 4,000 ಕಿ.ಮೀ. ಮಾತ್ರ ಓಡುವ ಗಾಡಿಗೆ ಎಷ್ಟು ದಿನಕ್ಕೊಮ್ಮೆ ಬದಲಾಯಿಸಬೇಕು?

ಗ್ಯಾರೇಜ್ ಮೇಷ್ಟ್ರು

ಕೇಳಿ ಬಹಳ ಸಂತೋಷವಾಯಿತು. ಪಾನ ಇರುವುದು ಬಿಚ್ಚಲು; ಕೂರಿಸಲು ಕೈ ಸಾಕು. ಹಳೆಯ ವಾಷರ್ ಎಂಜಿನ್ ಮುಖಕ್ಕೆ ಅಂಟಿ ಉಳಿದಿಲ್ಲ ಎಂದು ಖಚಿತಪಡಿಸಿಕೊಳ್ಳಿ, ಎರಡು ವಾಷರ್ ಕೂಡಿದರೆ ಸೋರಿಕೆ ಖಂಡಿತ. ಹೊಸ ವಾಷರಿಗೆ ಹೊಸ ಆಯಿಲ್ ಸವರಿ, ಅದು ಮುಖಕ್ಕೆ ತಾಗಿದ ಮೇಲೆ ಮುಕ್ಕಾಲು ಸುತ್ತು. ಡಬ್ಬಿಯ ಮೇಲೆ ಬೇರೆ ಸೂಚನೆ ಮುದ್ರಿಸಿದ್ದರೆ ಅದನ್ನೇ ಅನುಸರಿಸಿ. ಹತ್ತಿಸಿದ ಮೇಲೆ ದೀಪ ಆರುವವರೆಗೆ ರೇಸ್ ಕೊಡಬೇಡಿ. ನಿಮ್ಮ ಕ್ವಾಲಿಸ್‌ಗೆ ಟರ್ಬೊ ಇಲ್ಲ. ಇನ್ನೋವಾದಂತೆ ಟರ್ಬೊ ಇರುವ ಗಾಡಿಯವರು ಇದನ್ನು ಇನ್ನೂ ಕಟ್ಟುನಿಟ್ಟಾಗಿ ಪಾಲಿಸಬೇಕು.

ಅವಧಿ 5,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು. ನಿಮಗೆ ವರ್ಷವೇ ಮೊದಲು ಬರುತ್ತದೆ. ಆಯಿಲ್ ಬದಲಾದಾಗಲೆಲ್ಲ ಫಿಲ್ಟರ್ ಕೂಡ ಬದಲಾಗಲಿ. ಹಳೆಯ ಫಿಲ್ಟರಿನಲ್ಲಿ ಉಳಿಯುವ ಮಸಿ ಆಯಿಲ್ ಹೊಸದರ ಜೊತೆ ಬೆರೆಯುವುದಕ್ಕೆ ಅವಕಾಶ ಕೊಡಬೇಡಿ.

ಜೆ.ಸಿ. ರಸ್ತೆ ಕೌಂಟರ್

ಕೊಪ್ಪದವರೇ, ಕೊಂಡ ಎರಡರಲ್ಲಿ ಉಳಿದದ್ದನ್ನು ಪೆಟ್ಟಿಗೆಯಿಂದ ತೆಗೆಯದೆ ಮನೆಯೊಳಗೆ ಒಣಗಿದ ಜಾಗದಲ್ಲಿ ಇಡಿ. ಗಾಡಿಯ ಡಿಕ್ಕಿಯಲ್ಲಿ ಬಿಸಿಗೆ ಬೇಡ. ಆ ಪಾರ್ಟ್ ನಂಬರನ್ನು ಇಲ್ಲಿಯೂ ಬರೆಯುವುದಾದರೆ ಎಂಜಿನ್ ನಂಬರಿನ ಮೊದಲ ಅಕ್ಷರಗಳ ಜೊತೆಗೇ ಬರೆಯಿರಿ, ಬೇರೆ ಎಂಜಿನ್ ಇರುವವರು ಅದನ್ನೇ ನೋಡಿ ಕೊಳ್ಳುವಂತಾಗಬಾರದು.

ಕೊಪ್ಪದ ಕ್ವಾಲಿಸ್

ಹಾಗೆಯೇ ಮಾಡುತ್ತೇನೆ. ನಂಬರನ್ನು ಬಾನೆಟ್ಟಿನ ಒಳಬದಿಗೆ ಬಣ್ಣದಲ್ಲಿ ಬರೆದಿದ್ದೇನೆ, ಪಕ್ಕದಲ್ಲಿ ಬದಲಾಯಿಸಿದ ದಿನಾಂಕ ಮತ್ತು ಕಿಲೋಮೀಟರ್ ಇದೆ. ನಾಳೆ ಬೆಳಕಿನಲ್ಲಿ ಫೋಟೊ ತೆಗೆದು ಎಂಜಿನ್ ನಂಬರಿನ ಅಕ್ಷರಗಳ ಸಮೇತ ಹಾಕುತ್ತೇನೆ.